‘ಬೋರ್ಡ್ ಹೋಗೇತಿ’ ಅಂದ ಹಳೇ ಕಂಪ್ಯೂಟರ್: ಒಂಬತ್ತು ದಿನದ ರಿಪೇರಿ ಡೈರಿ

ಏಪ್ರಿಲ್ 9

ಬೆಳಿಗ್ಗೆ ಎಂಟಕ್ಕೇ ಕಾಕಾ ಫೋನ್ ಮಾಡಿದರು. "ತಮ್ಮಾ, ಪ್ರೆಸ್ಸಿನ ಕಂಪ್ಯೂಟರ್ ಚಾಲೂನ ಆಗವಲ್ದು. ಅಂಗಡ್ಯಾಗ ತೋರ್ಸಿದೆ, ಬೋರ್ಡ್ ಹೋಗೇತಿ ಅಂದ್ರು. ಹನ್ನೆರಡು ಲಗ್ನಪತ್ರಿಕಿ ಅದರಾಗ ಸಿಕ್ಕೊಂಡಾವು ನೋಡಪಾ."

ಕಾಕಾರದ್ದು ಗದಗಿನ ಮುಳಗುಂದ ನಾಕಾ ಹತ್ತಿರ ಒಂದು ಸಣ್ಣ ಆಫ್‌ಸೆಟ್ ಪ್ರೆಸ್. ಮುದ್ರಣ ಕಾಶಿ ಅಂತ ಹೆಸರಾದ ಊರು ಇದು. ಇಲ್ಲಿ ಲಗ್ನಪತ್ರಿಕೆ ಕೊಡೋದು ಎರಡು ದಿನ ತಡವಾದರೆ ಗಿರಾಕಿ ಪಕ್ಕದ ಪ್ರೆಸ್ಸಿಗೆ ಹೋಗಿಬಿಡುತ್ತಾರೆ. ಬಸವ ಜಯಂತಿ ದಿನದ್ದೇ ನಾಲ್ಕು ಲಗ್ನ ಇದ್ದವು.

ನಾನಿರೋದು ಬೆಟಗೇರಿಯಲ್ಲಿ. ರಿಪೇರಿ ನನ್ನ ಹೊಟ್ಟೆಪಾಡಲ್ಲ, ಆಸಕ್ತಿಯಿಂದ ಕಲಿತದ್ದು. ಸಂಜೆ ಕೆಲಸ ಮುಗಿಸಿ ನೇರ ಪ್ರೆಸ್ಸಿಗೆ ಹೋದೆ.

ಕಂಪ್ಯೂಟರ್ 2010ರಲ್ಲಿ ತಂದದ್ದು. ಜಿ41 ಚಿಪ್‌ಸೆಟ್‌ನ ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಎಲ್‌ಇಡಿ ಹತ್ತುತ್ತಿತ್ತು. ಮಾನಿಟರ್ ಮಾತ್ರ ಕಪ್ಪು. ಕೀಬೋರ್ಡಿನ ನಮ್‌ಲಾಕ್ ಒತ್ತಿದರೂ ದೀಪ ಹತ್ತಲಿಲ್ಲ.

ಹೊಸದು ತಗೊಂಡರೆ ಆಗಲ್ವಾ ಅಂತ ಕೇಳುವವರಿಗೆ: ಆಗಲ್ಲ. ಪ್ರೆಸ್ಸಿನ ಹಳೇ ಕೆಲಸವೆಲ್ಲ ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್ 7ರಲ್ಲಿದೆ, ಯೂನಿಕೋಡ್ ಬರುವ ಮುಂಚಿನ ಕನ್ನಡ ಫಾಂಟುಗಳಲ್ಲಿದೆ. ಆ ಫಾಂಟಿನ ಸಾಫ್ಟ್‌ವೇರ್‌ಗೆ ಒಂದು ಡಾಂಗಲ್ ಬೇಕು, ಬೀಗದ ಕೈ ಇದ್ದ ಹಾಗೆ; ಅದು ಸಿಗಿಸದಿದ್ದರೆ ಸಾಫ್ಟ್‌ವೇರ್ ನಡೆಯಲ್ಲ. ಅದು ಹಿಂದುಗಡೆಯ ಪ್ಯಾರಲಲ್ ಪೋರ್ಟ್‌ಗೆ ಸಿಗಿಸುವಂಥದ್ದು. ಇವತ್ತಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಸಿಗೋದು ಕಷ್ಟ.

ಬೇರೆ ಏನೂ ಮುಟ್ಟುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿದೆ. ಯುಎಸ್‌ಬಿ ಕನ್ವರ್ಟರ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಎಲ್ಲ ಕಾಪಿ ಮಾಡಿಕೊಂಡೆ, 11 ಜಿಬಿ. ಫೈಲ್ ಎಲ್ಲ ಸುರಕ್ಷಿತ. ಆದರೆ ಅಲ್ಲಿದ್ದ ಒಂದು ಪಠ್ಯದ ಫೈಲ್ ತೆರೆದು ತೋರಿಸಿದಾಗ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಕೊಂಬು ಟೊಪ್ಪಿಗೆ ಹೊತ್ತ ಗುರುತುಗಳು. ವಧು-ವರರ ಹೆಸರು ಎಲ್ಲಿದೆ ಅಂತಲೂ ಗೊತ್ತಾಗಲಿಲ್ಲ. ಕಾಕಾ ಅದನ್ನ ನೋಡಿ ಸುಮ್ಮನೆ ಕೂತುಬಿಟ್ಟರು. ಇದೇ ಬೋರ್ಡ್ ಏಳಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ.

ಏಪ್ರಿಲ್ 10

ಕ್ಯಾಬಿನೆಟ್ ಬಿಚ್ಚಿದೆ. ಪ್ರೆಸ್ಸಿನ ಧೂಳು ಬೇರೆ ಥರ. ಕಾಗದದ ನವಿರು ಪುಡಿಗೆ ಇಂಕಿನ ಜಿಡ್ಡು ಸೇರಿ ಕಂಬಳಿಯ ಹಾಗೆ ಹೀಟ್‌ಸಿಂಕ್ ಮೇಲೆ ಕೂತಿತ್ತು. ಪೇಂಟ್ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಲಿಕ್ಕೆ ಅರ್ಧ ಗಂಟೆ ಬೇಕಾಯಿತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಿನಿಂದ ಹಿಡಿದಿರಬೇಕು, ಗಾಳಿಗೆ ಜೋರಾಗಿ ತಿರುಗಲು ಬಿಡಬಾರದು.

ಬೋರ್ಡಿನ ಸೆಟ್ಟಿಂಗ್, ತಾರೀಖು ಕಾಯುವ ಸಿಎಂಒಎಸ್ ಬ್ಯಾಟರಿ ಮೀಟರ್‌ನಲ್ಲಿ 2.1 ವೋಲ್ಟ್ ತೋರಿಸಿತು. 3 ವೋಲ್ಟ್ ಇರಬೇಕಾದದ್ದು. ಹೊಸ ಸಿಆರ್2032 ಹಾಕಿದೆ, 40 ರೂಪಾಯಿ. ರ‍್ಯಾಮ್ ಕಡ್ಡಿಗಳ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಒಂದೊಂದಾಗಿ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ.

ಆಮೇಲೆ ರ‍್ಯಾಮ್ ಪೂರ್ತಿ ತೆಗೆದು ಚಾಲೂ ಮಾಡಿದೆ. ರ‍್ಯಾಮ್ ಇಲ್ಲದಿದ್ದರೆ ಜೀವ ಇರುವ ಬೋರ್ಡ್ ಬೀಪ್ ಹೊಡೆದು ಕೂಗಬೇಕು. ಕೂಗಲಿಲ್ಲ. ಬೋರ್ಡೋ ಪ್ರೊಸೆಸರೋ ಸತ್ತಿದೆ ಅಂತ ಬರೆದುಕೊಂಡೆ. ಇದು ನನ್ನ ಮೊದಲ ತಪ್ಪು. ಆ ಕ್ಯಾಬಿನೆಟ್‌ನಲ್ಲಿ ಬೀಪ್ ಹೊಡೆಯುವ ಸ್ಪೀಕರೇ ಇರಲಿಲ್ಲ! ಬೋರ್ಡಿನ ಸ್ಪೀಕರ್ ಪಿನ್ನುಗಳು ಖಾಲಿ ಇದ್ದವು. ಒಂದೂವರೆ ಗಂಟೆ ಇಲ್ಲದ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಮನೆಯಲ್ಲಿದ್ದ ಹಳೇ ಕ್ಯಾಬಿನೆಟ್‌ನ ಸಣ್ಣ ಬಜರ್ ತಂದು ಸಿಗಿಸಿ ಮತ್ತೆ ನೋಡಿದೆ. ಆಗಲೂ ಸದ್ದಿಲ್ಲ. ಉತ್ತರ ಅದೇ ಬಂತು, ನಿಜ. ಆದರೆ ಈ ಸಲ ಮಾತ್ರ ಅದನ್ನ ನಂಬಬಹುದಿತ್ತು.

ಏಪ್ರಿಲ್ 11

ಎಸ್‌ಎಂಪಿಎಸ್ ಪರೀಕ್ಷೆ, ಅಂದರೆ ಪ್ಲಗ್‌ನ ಕರೆಂಟನ್ನ ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜಿಗೆ ಇಳಿಸುವ ಡಬ್ಬಿಯದ್ದು. 24 ಪಿನ್ನಿನ ಕನೆಕ್ಟರ್ ಬೋರ್ಡಿನಿಂದ ಬಿಚ್ಚಿ, ಹಸಿರು ತಂತಿಯ ಪಿನ್ನಿಗೂ ಪಕ್ಕದ ಕಪ್ಪು ತಂತಿಗೂ ಒಂದು ತಂತಿ ತುಂಡು ಸಿಗಿಸಿದೆ. ಫ್ಯಾನ್ ತಿರುಗಿತು. ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಅಳೆದದ್ದು ಹೀಗೆ: ನೇರಳೆ 5.06, ಕೆಂಪು 5.21, ಕಿತ್ತಳೆ 3.35, ಹಳದಿ 11.2.

12 ವೋಲ್ಟ್ ಬರಬೇಕಾದ ಹಳದಿಯಲ್ಲಿ 11.4ರಿಂದ 12.6ರ ಒಳಗೆ ಇರಬೇಕು. 11.2 ನೋಡಿದ್ದೇ ತಡ, ಕಳ್ಳ ಸಿಕ್ಕ ಅಂದುಕೊಂಡೆ. ಕಾಕಾ ಅವಸರದಲ್ಲಿದ್ದರು, ನಾನೂ ಅವಸರ ಮಾಡಿದೆ. 750 ರೂಪಾಯಿ ಕೊಟ್ಟು ಹೊಸ ಎಸ್‌ಎಂಪಿಎಸ್ ತಂದು ಹಾಕಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು.

ರಾತ್ರಿ ಮನೆಗೆ ಬಂದು ಹಳೇ ಎಸ್‌ಎಂಪಿಎಸ್‌ಗೆ ಒಂದು ಹಳೇ ಹಾರ್ಡ್ ಡಿಸ್ಕ್, ಒಂದು ಡಿವಿಡಿ ಡ್ರೈವ್ ಸಿಗಿಸಿ ಮತ್ತೆ ಅಳೆದೆ. ಹಳದಿ 11.9, ಕೆಂಪು 5.08. ಸರಿಯಾಗಿಯೇ ಇತ್ತು! ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳು ಲೋಡ್ ಇಲ್ಲದೆ ಓಡಿದರೆ 12 ವೋಲ್ಟ್ ಆಚೀಚೆ ಆಗುತ್ತೆ. ಖಾಲಿ ಅಳತೆ ನೋಡಿ ತೀರ್ಪು ಕೊಟ್ಟದ್ದು ನನ್ನ ಎರಡನೇ ತಪ್ಪು. ಆ 750 ರೂಪಾಯಿ ಕಾಕಾರಿಂದ ತಗೊಂಡಿಲ್ಲ.

ಇನ್ನೊಂದು ಮಾತು. ಎಸ್‌ಎಂಪಿಎಸ್ ಡಬ್ಬಿಯನ್ನ ನಾನು ಬಿಚ್ಚಿಲ್ಲ, ಅನುಭವ ಇಲ್ಲದವರು ಬಿಚ್ಚಲೂಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ (ಕರೆಂಟ್ ಹಿಡಿದಿಡುವ ಬಿಡಿಭಾಗ) ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತೆ.

ಏಪ್ರಿಲ್ 12

ಬೋರ್ಡನ್ನೇ ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ರಟ್ಟಿನ ಮೇಲೆ ಇಟ್ಟೆ. ಪ್ರೊಸೆಸರ್, ಕೂಲರ್, ಬಜರ್, ಎಸ್‌ಎಂಪಿಎಸ್ ಬಿಟ್ಟು ಬೇರೇನೂ ಇಲ್ಲ. ಪವರ್ ಬಟನ್ನಿನ ಎರಡು ಪಿನ್ನುಗಳನ್ನ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಚಾಲೂ. ಗೆಳೆಯನ ಹತ್ತಿರ ಪಿಸಿಐ ಡಯಾಗ್ನೋಸ್ಟಿಕ್ ಕಾರ್ಡ್ ಇತ್ತು, ಅದನ್ನೂ ಸ್ಲಾಟಿಗೆ ಹಾಕಿದೆ. ಸರಿ ಇರುವ ಬೋರ್ಡಿನಲ್ಲಿ ಅದರ ಮೇಲೆ ಅಂಕಿಗಳು ಸರಸರ ಓಡುತ್ತವೆ. ಇಲ್ಲಿ ‘ಎಫ್‌ಎಫ್’ ಅಂತ ನಿಂತಿತು, ಅಲ್ಲಾಡಲಿಲ್ಲ. ಅಂದರೆ ಪ್ರೊಸೆಸರ್ ತನ್ನ ಮೊದಲ ಕೆಲಸವನ್ನೇ ಶುರು ಮಾಡಿಲ್ಲ.

ಈಗ ನೋಡಬೇಕಾದದ್ದು ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್. ಬೋರ್ಡಿನ 4 ಪಿನ್ನಿನ ಸಾಕೆಟ್‌ಗೆ ಬರುವ 12 ವೋಲ್ಟನ್ನ ಪಕ್ಕದ ಮಾಸ್‌ಫೆಟ್ (ಕರೆಂಟನ್ನ ವೇಗವಾಗಿ ಆನ್-ಆಫ್ ಮಾಡುವ ಬಿಡಿಭಾಗ), ಕಾಯಿಲ್, ಕೆಪ್ಯಾಸಿಟರ್‌ಗಳು ಸೇರಿ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುತ್ತವೆ. ಇ7500ಗೆ 0.85ರಿಂದ 1.36 ವೋಲ್ಟ್ ಒಳಗೆ ಬೇಕು.

ಮೊದಲು ಕರೆಂಟ್ ತೆಗೆದು ಶಾರ್ಟ್ ನೋಡಿದೆ. ಮೀಟರ್ ಬಜರ್‌ಗೆ ಇಟ್ಟು ಒಂದು ಕಡ್ಡಿ ಕಾಯಿಲ್ ಮೇಲೆ, ಒಂದು ಸ್ಕ್ರೂ ತೂತಿನ ಅಂಚಿಗೆ. ಕೀಂ ಅಂತ ಕೂಗಿತು. ಎದೆ ಧಸಕ್ಕೆಂದಿತು. ಶಾರ್ಟ್ ಆಗಿದೆ, ಕಥೆ ಮುಗೀತು ಅಂದುಕೊಂಡೆ. ಎಸ್‌ಎಂಪಿಎಸ್ ವಿಷಯದಲ್ಲಿ ಕಲಿತದ್ದು ನೆನಪಾಗಿ ಕೈ ತಡೆದೆ. ಕೂಲರ್ ಬಿಚ್ಚಿ ಪ್ರೊಸೆಸರ್ ತೆಗೆದು ಮತ್ತೆ ಅದೇ ಜಾಗ ಅಳೆದೆ. ಈಗ ಕೂಗಲಿಲ್ಲ. ಪ್ರೊಸೆಸರ್ ಕೂತಿರುವಾಗ ಆ ದಾರಿಯ ರೆಸಿಸ್ಟೆನ್ಸ್ ಕೆಲವೇ ಓಮ್ ಇರೋದು ಸಹಜ. ಮೀಟರಿನ ಬಜರ್‌ಗೆ ಅಷ್ಟು ಸಾಕು, ಕೂಗಿಬಿಡುತ್ತೆ. 4 ಪಿನ್ ಸಾಕೆಟ್‌ನ ಹಳದಿ-ಕಪ್ಪು ನಡುವೆಯೂ ಶಾರ್ಟ್ ಇರಲಿಲ್ಲ, ಹಾಗಾಗಿ ಮಾಸ್‌ಫೆಟ್ ಸುಟ್ಟಿರುವ ಅನುಮಾನ ಕಮ್ಮಿ ಆಯಿತು. ಸಾಕೆಟ್‌ನ 775 ಪಿನ್ನುಗಳನ್ನ ಮೊಬೈಲ್ ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟು ಸಾಲುಸಾಲಾಗಿ ನೋಡಿದೆ. ಬೆಳಕಿಗೆ ಎಲ್ಲ ಒಂದೇ ಥರ ಹೊಳೆಯುತ್ತಿದ್ದವು, ಬಗ್ಗಿದ್ದು ಒಂದೂ ಇಲ್ಲ.

ಪ್ರೊಸೆಸರ್, ಕೂಲರ್ ಮತ್ತೆ ಹಾಕಿ ಚಾಲೂ ಮಾಡಿ ಕಾಯಿಲ್ ಹತ್ತಿರ ವೋಲ್ಟೇಜ್ ನೋಡಿದೆ. 0.7, 0.94, 0.81, 1.02. ಒಂದು ಕಡೆ ನಿಲ್ಲುತ್ತಿರಲಿಲ್ಲ.

ಕಣ್ಣು ಬೋರ್ಡಿನ ಮಟ್ಟಕ್ಕೆ ತಂದು ಅಡ್ಡದಿಂದ ನೋಡಿದಾಗ ಕಂಡಿತು. ಕೂಲರ್‌ನ ಅಗಲವಾದ ಫ್ಯಾನ್ ನೆರಳಲ್ಲಿ ಐದು ಕೆಪ್ಯಾಸಿಟರ್ ಸಾಲಾಗಿ ನಿಂತಿವೆ. ಎರಡರ ತಲೆ ಮಟ್ಟಸವಾಗಿತ್ತು. ಮೂರರದ್ದು ಪುಟ್ಟ ಪೂರಿಯ ಹಾಗೆ ಉಬ್ಬಿತ್ತು. ನಡುವಿನದರ ತಲೆಯ ಗೀರು ಬಿಟ್ಟುಕೊಂಡು ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಉಗುರು ತಾಗಿಸಿದರೆ ಬೆಲ್ಲದ ಪಾಕ ಒಣಗಿದ ಹಾಗೆ ಉದುರಿತು. ಏಪ್ರಿಲ್ 10ಕ್ಕೇ ಹೀಗೆ ಅಡ್ಡದಿಂದ ನೋಡಿದ್ದರೆ ಅವತ್ತೇ ಕಾಣುತ್ತಿತ್ತು. ಮೇಲಿನಿಂದ ಮಾತ್ರ ನೋಡಿದ್ದು ಮೂರನೇ ತಪ್ಪು.

ಮೈಮೇಲೆ ಬರೆದದ್ದು: 820 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ. ಅಗಲ 8 ಮಿಮೀ, ಕಾಲುಗಳ ಅಂತರ 3.5 ಮಿಮೀ.

ಏಪ್ರಿಲ್ 13

ಇದು ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪಿನ ದಿನ. ಬಿಡಿಸಿ ಬರೆಯುತ್ತೇನೆ.

ಗದಗಿನಲ್ಲಿ ನಾನು ಕೇಳಿದ ಎರಡು ಕಡೆ ಈ ಅಳತೆ ಸಿಗಲಿಲ್ಲ. ಟಿವಿ ರಿಪೇರಿ ಮಾಡುವವರೊಬ್ಬರ ಹತ್ತಿರ 1000 ಮೈಕ್ರೋಫ್ಯಾರಡ್, 16 ವೋಲ್ಟ್‌ನವು ಇದ್ದವು. ಐದಕ್ಕೆ 25 ರೂಪಾಯಿ. 85 ಡಿಗ್ರಿಯ ಸಾಮಾನ್ಯ ಜಾತಿ, 10 ಮಿಮೀ ಅಗಲ. ಮೈಕ್ರೋಫ್ಯಾರಡ್ ಹತ್ತಿರ ಇದೆ, ವೋಲ್ಟೇಜ್ ಜಾಸ್ತಿ ಇದೆ, ನಡೆಯುತ್ತೆ ಅಂದುಕೊಂಡೆ. ಈ ಜಾಗಕ್ಕೆ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರುವ) ಜಾತಿಯದೇ ಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಸರಕ್ಕೆ ಹಾಕಿದೆ.

ಹಳೆಯದನ್ನ ಬಿಚ್ಚೋದೇ ಒಂದು ಹೋರಾಟ ಆಯಿತು. ನನ್ನ 25 ವ್ಯಾಟಿನ ಸೋಲ್ಡರಿಂಗ್ ಐರನ್‌ಗೆ ಪ್ಲಸ್ ಕಾಲಿನ ಸೀಸವೇ ಕಷ್ಟಪಟ್ಟು ಕರಗುತ್ತಿತ್ತು, ಮೈನಸ್ ಕಾಲಿನದು ಕರಗಲೇ ಇಲ್ಲ. ಮೈನಸ್ ಕಾಲು ಬೋರ್ಡಿನ ಒಳಪದರದ ಅಗಲವಾದ ತಾಮ್ರಕ್ಕೆ ಸೇರಿರುತ್ತೆ, ಕೊಟ್ಟ ಬಿಸಿಯನ್ನೆಲ್ಲ ಅದು ಕುಡಿದುಬಿಡುತ್ತೆ. ಮತ್ತೆ ಪೇಟೆಗೆ ಹೋಗಿ 60 ವ್ಯಾಟಿನದು ತಂದೆ, 420 ರೂಪಾಯಿ. ತುದಿ ದಪ್ಪ ಇರುವಂಥದ್ದು. ಹಳೇ ಸೀಸದ ಮೇಲೆ ಸ್ವಲ್ಪ ಹೊಸ ಸೀಸ ಕೂಡಿಸಿ, ಒಂದು ಕಾಲು ಕಾಸಿ ಆ ಕಡೆ ಬಗ್ಗಿಸೋದು, ಇನ್ನೊಂದು ಕಾಲು ಕಾಸಿ ಈ ಕಡೆ ಬಗ್ಗಿಸೋದು. ಹಾಲುಹಲ್ಲು ಅಲ್ಲಾಡಿಸಿ ತೆಗೆದ ಹಾಗೆ ಒಂದೊಂದೇ ಹೊರಗೆ ಬಂದವು.

ಹೊಸವು ಅಗಲ ಜಾಸ್ತಿ ಇದ್ದದ್ದಕ್ಕೆ ನೆಟ್ಟಗೆ ನಿಲ್ಲಲಿಲ್ಲ. ಕಾಲು ಬಗ್ಗಿಸಿ ಓರೆಯಾಗಿ ಕೂರಿಸಿದೆ. ಚಾಲೂ ಮಾಡಿದೆ. ಮೀಟರ್‌ನಲ್ಲಿ 1.2 ವೋಲ್ಟ್ ಅಲುಗದೆ ನಿಂತಿತು. ರ‍್ಯಾಮ್ ಇಲ್ಲದ್ದಕ್ಕೆ ಬಜರ್ ಕೂಗಿತು! ರ‍್ಯಾಮ್ ಹಾಕಿದೆ, ಪರದೆ ಬಂತು. ಕಾಕಾರಿಗೆ ಫೋನ್ ಮಾಡಿ ಸಿಹಿ ಸುದ್ದಿ ಹೇಳಿಬಿಟ್ಟೆ.

ಇಪ್ಪತ್ತು ನಿಮಿಷಕ್ಕೆ ಪರದೆ ಹೆಪ್ಪುಗಟ್ಟಿತು. ಮತ್ತೆ ಚಾಲೂ ಮಾಡಿದರೆ ಎಕ್ಸ್‌ಪಿ ಲೋಗೋದಲ್ಲೇ ನಿಂತಿತು. ಆಫ್ ಮಾಡಿ ಹೊಸ ಕೆಪ್ಯಾಸಿಟರ್ ತಲೆ ಮುಟ್ಟಿದೆ, ಬೆರಳು ಇಡಲಾಗದಷ್ಟು ಬಿಸಿ. ಮೀಟರ್ ತೋರಿಸೋದು ಸರಾಸರಿ ಮಾತ್ರ. ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಲ ಆಗುವ ಏರಿಳಿತ ಅದರಲ್ಲಿ ಕಾಣಲ್ಲ. ಆ ಏರಿಳಿತ ನುಂಗುವ ಶಕ್ತಿ ಈ ಸಾಮಾನ್ಯ ಕೆಪ್ಯಾಸಿಟರ್‌ಗಳಿಗೆ ಇರಲಿಲ್ಲ.

ಕಾಕಾರಿಗೆ ಮತ್ತೆ ಫೋನ್ ಮಾಡಿ ಇಲ್ಲ ಅಂತ ಹೇಳಬೇಕಾಯಿತು. "ಇರ್ಲಿ ಬಿಡಪಾ, ಅವಸರ ಮಾಡಬ್ಯಾಡ" ಅಂದರು. ಸಿಕ್ಕಿಕೊಂಡಿದ್ದ ಹನ್ನೆರಡರಲ್ಲಿ ಎರಡು ಲಗ್ನಪತ್ರಿಕೆಗಳನ್ನ ಪಕ್ಕದ ಪ್ರೆಸ್ಸಿನಲ್ಲಿ ಹೊಸದಾಗಿ ಕಂಪೋಸ್ ಮಾಡಿಸಿದರು ಅಂತ ಆಮೇಲೆ ಗೊತ್ತಾಯಿತು.

ಏಪ್ರಿಲ್ 15

ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ದುರ್ಗದ ಬೈಲ್ ಕಡೆ ಕೇಳುತ್ತಾ ಹೋಗಿ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಹಳೇ ಕೆಪ್ಯಾಸಿಟರ್ ಒಂದನ್ನ ಜೇಬಿನಲ್ಲಿ ಒಯ್ದದ್ದು ಒಳ್ಳೆಯದಾಯಿತು. ಅಂಗಡಿಯವರು ಬಾಯಿಮಾತು ಕೇಳಲಿಲ್ಲ, ಆ ತುಂಡನ್ನ ಕೈಯಲ್ಲಿ ತಗೊಂಡು ಸ್ಕೇಲ್ ಇಟ್ಟು ಅಳೆದು ಕೊಟ್ಟರು. 820 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ, ಲೋ ಇಎಸ್‌ಆರ್, 8 ಮಿಮೀ. ಒಂದಕ್ಕೆ 15 ರೂಪಾಯಿ, ಹತ್ತು ತಗೊಂಡೆ. ಸೀಸ ಹೀರುವ ತಾಮ್ರದ ಜಾಲರಿ ಮತ್ತು ಫ್ಲಕ್ಸ್ 130, ಐಸೋಪ್ರೊಪೈಲ್ ಆಲ್ಕೋಹಾಲ್ 80, ಥರ್ಮಲ್ ಪೇಸ್ಟ್ 60. ಗಿರ್ಮಿಟ್ಟು ಮಿರ್ಚಿ ತಿಂದು ಮೂರರ ಬಸ್ ಹಿಡಿದೆ.

ಏಪ್ರಿಲ್ 16

ಐದನ್ನೂ ಬದಲಿಸಿದೆ. ಉಬ್ಬದ ಎರಡು ಜಾಗದಲ್ಲೂ ಹೊಸದೇ. ಒಂದೇ ದಿನ ಹುಟ್ಟಿ ಒಂದೇ ಬಿಸಿಯಲ್ಲಿ ಬೆಂದವು ಅವು, ಉಳಿಸಿಕೊಳ್ಳುವುದರಲ್ಲಿ ಅರ್ಥ ಇರಲಿಲ್ಲ.

ಪ್ಲಸ್-ಮೈನಸ್ ವಿಷಯದಲ್ಲಿ ಎಚ್ಚರ. ಕೆಪ್ಯಾಸಿಟರ್ ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್. ಬೋರ್ಡಿನ ಮೇಲೆ ಪ್ರತಿ ಜಾಗಕ್ಕೂ ಅರ್ಧ ಬಿಳಿ ತುಂಬಿದ ವೃತ್ತ ಇರುತ್ತೆ. ಬಹಳ ಬೋರ್ಡುಗಳಲ್ಲಿ ಬಿಳಿ ಅರ್ಧ ಮೈನಸ್, ಕೆಲವು ಬೋರ್ಡುಗಳಲ್ಲಿ ಉಲ್ಟಾ. ಹಾಗಾಗಿ ಗುರುತು ನಂಬಬೇಡಿ, ಹಳೆಯದು ಕೂತಿರುವಾಗಲೇ ಫೋಟೋ ತೆಗೆದಿಡಿ. ನಾನು 12ನೇ ತಾರೀಖು ತೆಗೆದಿದ್ದ ಫೋಟೋ ಎದುರಿಗೆ ಇಟ್ಟುಕೊಂಡೇ ಕೂರಿಸಿದೆ.

ನಾಲ್ಕು ಸಲೀಸಾಗಿ ಕೂತವು. ಐದನೆಯದರ ಪ್ಲಸ್ ತೂತಿನಲ್ಲಿ ಸೀಸ ಉಳಿದಿತ್ತು. ಹೊಲಿಗೆ ಸೂಜಿ ಬಿಸಿ ಮಾಡಿ ಒತ್ತಿದೆ, ಸ್ವಲ್ಪ ಜೋರಾಯಿತು. ಸೂಜಿಯ ಜೊತೆ ಕೆಳಗಿನ ತಾಮ್ರದ ಉಂಗುರವೂ ಎದ್ದು ಬಂತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಗುರ. ಅದೇ ಜಾಗವನ್ನ ನಾಲ್ಕು ದಿನದಲ್ಲಿ ಮೂರು ಸಲ ಕಾಸಿದ್ದೆ: ಹಳೆಯದು ಬಿಚ್ಚಲು, ತಪ್ಪು ಕೆಪ್ಯಾಸಿಟರ್ ಕೂರಿಸಲು, ಅದನ್ನ ಮತ್ತೆ ಬಿಚ್ಚಲು. 13ರಂದು ಆ 25 ರೂಪಾಯಿಯ ಕೆಲಸ ಮಾಡದೇ ಇದ್ದಿದ್ದರೆ ಈ ಉಂಗುರ ಏಳುತ್ತಿರಲಿಲ್ಲ.

ಹತ್ತು ನಿಮಿಷ ಎಲ್ಲ ಕೆಳಗಿಟ್ಟು ಚಹಾ ಕುಡಿದು ಬಂದೆ. ಮೇಲುಗಡೆಯ ತಾಮ್ರ ಇನ್ನೂ ಗಟ್ಟಿ ಇತ್ತು. ಕೆಪ್ಯಾಸಿಟರ್ ಅನ್ನ ಬೋರ್ಡಿಗೆ ಪೂರ್ತಿ ಅಂಟಿಸದೆ 2 ಮಿಮೀ ಎತ್ತರದಲ್ಲಿ ನಿಲ್ಲಿಸಿ, ಆ ಸಂದಿಯಿಂದ ಮೇಲುಗಡೆಯೇ ಸೀಸ ಹಾಕಿದೆ. ಐದೂ ಕೆಪ್ಯಾಸಿಟರ್‌ಗಳ ಪ್ಲಸ್ ಕಾಲು ಒಂದೇ ತಾಮ್ರಕ್ಕೆ ಸೇರಿರುವುದರಿಂದ ಪರೀಕ್ಷೆ ಸುಲಭ. ಮೀಟರ್ ಬಜರ್‌ಗೆ ಇಟ್ಟು ಈ ಕಾಲಿಗೂ ಪಕ್ಕದವನ ಪ್ಲಸ್ ಕಾಲಿಗೂ ಮುಟ್ಟಿಸಿದೆ. ಕೂಗಿತು. ಮೈನಸ್ ಕಡೆಯೂ ಹಾಗೇ ನೋಡಿದೆ. ಆಲ್ಕೋಹಾಲ್ ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಫ್ಲಕ್ಸ್ ತೊಳೆದು ರಾತ್ರಿಯೆಲ್ಲ ಒಣಗಲು ಬಿಟ್ಟೆ.

ಏಪ್ರಿಲ್ 17

ರಟ್ಟಿನ ಮೇಲೆಯೇ ಚಾಲೂ. 1.21 ವೋಲ್ಟ್, ಅಲುಗಲಿಲ್ಲ. ಡಯಾಗ್ನೋಸ್ಟಿಕ್ ಕಾರ್ಡಿನಲ್ಲಿ ಅಂಕಿಗಳು ಓಡಿದವು. ರ‍್ಯಾಮ್ ಹಾಕಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋದೆ. ಪ್ರೊಸೆಸರ್ ಬಿಸಿ 71, 74, 78 ಅಂತ ಏರುತ್ತಾ ಹೋಯಿತು. ಕೂಡಲೇ ಆಫ್ ಮಾಡಿದೆ. ಕೂಲರ್‌ನ ನಾಲ್ಕು ಪಿನ್ನುಗಳಲ್ಲಿ ಒಂದು ಪೂರ್ತಿ ಕೆಳಗೆ ಇಳಿದಿರಲಿಲ್ಲ. ಬೋರ್ಡ್ ತಿರುಗಿಸಿ ನೋಡಿದರೆ ಮೂರು ಕಪ್ಪು ಮೊಳೆ ಮಾತ್ರ ಹೊರಗೆ ಕಾಣುತ್ತಿದ್ದವು. ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಎದುರುಬದುರಿನ ಪಿನ್ನುಗಳನ್ನ ಜೋಡಿಯಾಗಿ ಟಕ್ ಅನ್ನುವ ತನಕ ಒತ್ತಿದೆ. 46ಕ್ಕೆ ನಿಂತಿತು.

ಸಂಜೆ ಪ್ರೆಸ್ಸಿಗೆ ಒಯ್ದು ಕ್ಯಾಬಿನೆಟ್‌ನಲ್ಲಿ ಕೂರಿಸಿ ಎಕ್ಸ್‌ಪಿ ಚಾಲೂ ಮಾಡಿದೆವು. ಪೇಜ್‌ಮೇಕರ್ ತೆರೆಯಿತು, ಕನ್ನಡ ಟೈಪ್ ಆಗಲಿಲ್ಲ. ಡಾಂಗಲ್ ಕಾಣುತ್ತಿಲ್ಲ ಅಂತ ಸಂದೇಶ. ಬ್ಯಾಟರಿ ಬದಲಿಸಿದ್ದಕ್ಕೆ ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗಿತ್ತು, ಪ್ಯಾರಲಲ್ ಪೋರ್ಟಿನ ಮೋಡ್ ಕೂಡ. ಅದನ್ನ ಇಸಿಪಿಯಿಂದ ಇಪಿಪಿಗೆ ಬದಲಿಸಿ, ತಾರೀಖು ಸರಿಮಾಡಿ ಮತ್ತೆ ಚಾಲೂ ಮಾಡಿದೆ. ಈ ಸಲ ಡಾಂಗಲ್ ಸಿಕ್ಕಿತು. ಕಾಕಾ ಒಂದು ಫೈಲ್ ತೆರೆದರು. ‘ಶ್ರೀ ವೀರನಾರಾಯಣ ಪ್ರಸನ್ನ’ ಅಂತ ಮೊದಲ ಸಾಲು ಅಚ್ಚುಕಟ್ಟಾಗಿ ಕಂಡಿತು. ಕನ್ನಡಕ ಮೇಲೇರಿಸಿ ಪರದೆಗೆ ಮುಖ ಹತ್ತಿರ ತಂದು ಹೆಸರುಗಳನ್ನ ಒಂದೊಂದಾಗಿ ಓದಿದರು. "ಎಲ್ಲಾ ಅದಾವು" ಅಂದರು. ಮರುಮಾತಾಡದೆ ಟ್ರೇಸಿಂಗ್ ಪೇಪರ್ ಎತ್ತಿ ಪ್ರಿಂಟರಿಗೆ ಹಾಕಿದರು.

ಖರ್ಚು

ಕೆಲಸಕ್ಕೆ ಬಂದದ್ದು: ಬ್ಯಾಟರಿ 40, ಕೆಪ್ಯಾಸಿಟರ್ 150, ಸೋಲ್ಡರಿಂಗ್ ಐರನ್ 420, ಜಾಲರಿ ಮತ್ತು ಫ್ಲಕ್ಸ್ 130, ಆಲ್ಕೋಹಾಲ್ 80, ಪೇಸ್ಟ್ 60. ಒಟ್ಟು 880 ರೂಪಾಯಿ. ನನ್ನ ತಪ್ಪಿನಿಂದ ಹೋದದ್ದು: ಎಸ್‌ಎಂಪಿಎಸ್ 750, ಸಾಮಾನ್ಯ ಕೆಪ್ಯಾಸಿಟರ್ 25. ಒಟ್ಟು 775. ಹುಬ್ಬಳ್ಳಿಗೆ ಹೋಗಿಬಂದದ್ದು ಬೇರೆ. ಬೋರ್ಡಿಗೆ ನಿಜವಾಗಿ ಬೇಕಾಗಿದ್ದದ್ದು 75 ರೂಪಾಯಿಯ ಐದು ಕೆಪ್ಯಾಸಿಟರ್ ಮತ್ತು ಒಂದು ಬ್ಯಾಟರಿ.

ಮೇ 10

ಇವತ್ತಿಗೆ 23 ದಿನ. ದಿನಕ್ಕೆ ಎಂಟು-ಒಂಬತ್ತು ಗಂಟೆ ಓಡುತ್ತಿದೆ, ಒಮ್ಮೆಯೂ ನಿಂತಿಲ್ಲ. ಮಧ್ಯಾಹ್ನದ ಬಿಸಿಲಲ್ಲೂ ಪ್ರೊಸೆಸರ್ 58 ದಾಟಿಲ್ಲ. ಹಾರ್ಡ್ ಡಿಸ್ಕಿನ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ಮಾಡಿ ಕಾಕಾರ ಮನೆಯಲ್ಲಿ ಇಟ್ಟಿದ್ದೇನೆ. ಹಳೇ ಫೈಲುಗಳನ್ನ ಯೂನಿಕೋಡ್‌ಗೆ ಬದಲಿಸುವ ಕೆಲಸವನ್ನ ಕಾಕಾರ ಮಗಳು ದಿನಕ್ಕೆ ಐದರಂತೆ ಶುರು ಮಾಡಿದ್ದಾಳೆ.

12 ವೋಲ್ಟ್ ಬರುವ ಕಡೆ 16 ವೋಲ್ಟಿನ ಎರಡು ಕೆಪ್ಯಾಸಿಟರ್ ಇನ್ನೂ ಹಳೆಯವೇ ಇವೆ. ತಲೆ ಮಟ್ಟಸವಾಗಿದೆ, ಆದರೆ ವಯಸ್ಸು ಅಷ್ಟೇ ಆಗಿದೆ. ಆಷಾಢದಲ್ಲಿ ಲಗ್ನ ಇರಲ್ಲ, ಪ್ರೆಸ್ಸಿಗೂ ಪುರುಸೊತ್ತು. ಆಗ ಎರಡು ದಿನ ಬೋರ್ಡ್ ಬಿಚ್ಚಬೇಕು ಅಂತ ಪ್ರೆಸ್ಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದಿದ್ದೇನೆ.